ಸೇನೆಯ ಮೆಡಿಕ್, ಊರಿನ ಆ್ಯಂಬುಲೆನ್ಸ್

ಅಮೆರಿಕದ ಭೂಸೇನೆಯಲ್ಲಿ ಮೆಡಿಕ್ ಆಗಿ ದುಡಿದ ಯುವಕ ಸಮವಸ್ತ್ರ ಕಳಚಿದ ದಿನವೇ ಅವನ ಅರ್ಧ ವಿದ್ಯೆ ಕಾನೂನಿನ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಗುಂಡೇಟು ತಿಂದು ಎದೆಗೂಡಿನಲ್ಲಿ ಗಾಳಿ ತುಂಬಿಕೊಂಡವನ ಪಕ್ಕೆಲುಬುಗಳ ನಡುವೆ ಸೂಜಿ ತೂರಿಸಿ ಉಸಿರು ಬಿಡಿಸುವುದು, ಮುಖ ಛಿದ್ರವಾಗಿ ಉಸಿರುದಾರಿ ಕಟ್ಟಿದವನ ಗಂಟಲು ಕೊಯ್ದು ದಾರಿ ಮಾಡುವುದು, ನೋವಿಗೆ ಕೆಟಮಿನ್ ಕೊಡುವುದು, ಇವೆಲ್ಲ ಸೇನೆಯಲ್ಲಿ ಅವನಿಗೆ ಕಲಿಸಿದ ಕೆಲಸಗಳು. ಊರಿಗೆ ಬಂದು ಆ್ಯಂಬುಲೆನ್ಸ್ ಹತ್ತಿದರೆ ಅವನ ಕಿಸೆಯಲ್ಲಿರುವುದು ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞ ಎಂಬ ಆರಂಭಿಕ ದರ್ಜೆಯ ಕಾರ್ಡು ಮಾತ್ರ. ಅದರ ಬಲದ ಮೇಲೆ ಅವನು ಆಮ್ಲಜನಕ ಕೊಡಬಹುದು, ಎದೆನೋವಿನವರಿಗೆ ಆಸ್ಪಿರಿನ್ ಕೊಡಬಹುದು, ಮುರಿದ ಮೂಳೆಗೆ ಪಟ್ಟಿ ಕಟ್ಟಬಹುದು. ಆ ದರ್ಜೆಗೆ ರಾಷ್ಟ್ರೀಯ ಮಾದರಿ ಹಾಕಿರುವ ಗೆರೆಯೊಳಗೆ ಡ್ರಿಪ್ ಹಚ್ಚುವುದೂ ಸೇರಿಲ್ಲ. ಹಾಗಾದರೆ ಅವನು ಮತ್ತೆ ಒಂದು ವರ್ಷವೋ ಒಂದೂವರೆ ವರ್ಷವೋ ತರಗತಿಯಲ್ಲಿ ಕೂತು ಪ್ಯಾರಾಮೆಡಿಕ್ ಪ್ರಮಾಣಪತ್ರ ಪಡೆಯಬೇಕೆ? ಯುದ್ಧಭೂಮಿಯಲ್ಲಿ ಜೀವ ಉಳಿಸಿದವನಿಗೆ ಈ ಪರೀಕ್ಷೆ ಅವಮಾನ ಎಂದು ವಾದಿಸುವವರು ಬಹಳ ಮಂದಿ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಹೊರಗೆ ಬಂದ ಮೇಲೂ ರೋಗಿಯ ಪಕ್ಕದಲ್ಲೇ ಇರಬೇಕೆಂದು ಬಯಸುವ ಮೆಡಿಕ್ ಆ ಪ್ರಮಾಣಪತ್ರವನ್ನು ಪಡೆಯಲೇಬೇಕು ಎಂಬುದು ನನ್ನ ನಿಲುವು. ಅವನನ್ನು ಹಾಗೆ ಓದಿಸುವ ವ್ಯವಸ್ಥೆ ಮಾತ್ರ ಈಗಿರುವಂತೆ ಇರಬಾರದು.

ಮೊದಲು ಈ ಮೆಡಿಕ್ ಯಾರೆಂದು ನೋಡೋಣ. ಅಮೆರಿಕದ ಭೂಸೇನೆ ಇವರನ್ನು 68ಡಬ್ಲ್ಯು ಎಂಬ ಸಂಕೇತದಿಂದ ಗುರುತಿಸುತ್ತದೆ. ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊದಲ್ಲಿರುವ ಫೋರ್ಟ್ ಸ್ಯಾಮ್ ಹ್ಯೂಸ್ಟನ್ ಸೇನಾ ನೆಲೆಯಲ್ಲಿ ಸುಮಾರು 16 ವಾರಗಳ ತರಬೇತಿ. ಅದರ ಮೊದಲ ಭಾಗ ಪೂರ್ತಿ ನಾಗರಿಕ ಪಠ್ಯ. ಅದರ ಕೊನೆಗೆ, ಆ ದೇಶದ ತುರ್ತು ಸೇವಾ ಸಿಬ್ಬಂದಿಯ ಪರೀಕ್ಷೆ ನಡೆಸುವ, 1970ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನೋಂದಣಿ ಸಂಸ್ಥೆಯ ಇಎಂಟಿ ಪರೀಕ್ಷೆ ಪಾಸಾಗಬೇಕು. ಉಳಿದ ವಾರಗಳು ಯುದ್ಧಭೂಮಿಯ ವಿದ್ಯೆಗೆ ಮೀಸಲು. ನೌಕಾಪಡೆಯಲ್ಲಿ ಇದೇ ಕೆಲಸ ಮಾಡುವವರಿಗೆ ಕೋರ್‌ಮನ್ ಎನ್ನುತ್ತಾರೆ. ಇನ್ನು ನಾಗರಿಕ ಪ್ಯಾರಾಮೆಡಿಕ್ ಓದು ಸಾಮಾನ್ಯವಾಗಿ 1,200ರಿಂದ 1,800 ಗಂಟೆ: ತರಗತಿ, ಆಸ್ಪತ್ರೆಯ ಪಾಳಿ, ಹಿರಿಯ ಪ್ಯಾರಾಮೆಡಿಕ್ ಕಣ್ಗಾವಲಿನಲ್ಲಿ ಆ್ಯಂಬುಲೆನ್ಸ್ ಓಡಾಟ, ಮೂರೂ ಸೇರಿ. ಇಎಂಟಿ ಓದಿಗೆ ಇದರ ಎಂಟನೇ ಒಂದು ಪಾಲು ಸಾಕು. 2013ರಿಂದ ಈಚೆಗೆ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಓದಿ ಬಂದವರನ್ನು ಮಾತ್ರ ರಾಷ್ಟ್ರೀಯ ಪ್ಯಾರಾಮೆಡಿಕ್ ಪರೀಕ್ಷೆಗೆ ಕೂರಿಸುತ್ತಾರೆ. ಮೊದಲಿನ ಹಾಗೆ ಅನುಭವ ತೋರಿಸಿ ನೇರ ಪರೀಕ್ಷೆ ಬರೆಯುವ ಕಾಲ ಮುಗಿಯಿತು.

ಸೇನೆಯ ಮೆಡಿಕ್ ಏನನ್ನು ಬಲ್ಲ ಎಂಬುದನ್ನು ಗೌರವದಿಂದಲೇ ಹೇಳಬೇಕು, ಏಕೆಂದರೆ ಆ ವಿದ್ಯೆ ಬಂದದ್ದು ಬಹಳ ದೊಡ್ಡ ಬೆಲೆ ತೆತ್ತು. 2001ರ ಅಕ್ಟೋಬರ್‌ನಿಂದ 2011ರ ಜೂನ್‌ವರೆಗೆ ಇರಾಕ್, ಅಫ್ಗಾನಿಸ್ತಾನಗಳಲ್ಲಿ ಯುದ್ಧದ ಗಾಯಗಳಿಂದ ಸತ್ತ 4,596 ಅಮೆರಿಕನ್ ಸೈನಿಕರ ದಾಖಲೆಗಳನ್ನು ಸೇನೆಯ ವೈದ್ಯರು ಒಂದೊಂದಾಗಿ ಪರಿಶೀಲಿಸಿದರು. ಅವರಲ್ಲಿ ನೂರಕ್ಕೆ 87 ಮಂದಿ ಶಸ್ತ್ರಚಿಕಿತ್ಸೆಯ ಮೇಜು ತಲುಪುವ ಮೊದಲೇ ತೀರಿಕೊಂಡಿದ್ದರು. ಹಾಗೆ ತೀರಿಕೊಂಡವರಲ್ಲಿ ಕಾಲು ಭಾಗದಷ್ಟು ಜನರನ್ನು ಬಹುಶಃ ಉಳಿಸಬಹುದಿತ್ತು. ಉಳಿಸಬಹುದಿದ್ದವರಲ್ಲಿ ನೂರಕ್ಕೆ 90 ಮಂದಿಯ ಸಾವಿಗೆ ರಕ್ತಸ್ರಾವ ಕಾರಣವಾಗಿತ್ತು. ಈ ಲೆಕ್ಕದಿಂದಾಗಿಯೇ ಇಂದಿನ ಮೆಡಿಕ್ ಎಲ್ಲಕ್ಕಿಂತ ಮೊದಲು ರಕ್ತ ನಿಲ್ಲಿಸಲು ಕಲಿಯುತ್ತಾನೆ, ಉಸಿರಾಟದ ಕಡೆ ನೋಡುವುದು ಆಮೇಲೆ. ಕೈಗೆಟಕುವಲ್ಲೇ ಸಿಕ್ಕಿಸಿಕೊಂಡ ಟೂರ್ನಿಕೆ ಪಟ್ಟಿಯನ್ನು ಎಳೆದು, ಗಾಯಕ್ಕಿಂತ ಎರಡು ಮೂರು ಅಂಗುಲ ಮೇಲೆ ಸುತ್ತಿ, ಅದರ ಕಡ್ಡಿಯನ್ನು ರಕ್ತ ನಿಲ್ಲುವವರೆಗೆ ತಿರುಗಿಸಿ, ಕೊಕ್ಕೆಗೆ ಸಿಕ್ಕಿಸಿ, ಕಟ್ಟಿದ ಹೊತ್ತನ್ನು ಅದರ ಮೇಲೆಯೇ ಬರೆಯುತ್ತಾನೆ. ಗಾಯಾಳು ನೋವಿನಿಂದ ಚೀರಿದರೂ ಸಡಿಲಿಸುವಂತಿಲ್ಲ. ಕತ್ತಲಲ್ಲೂ ಕೈ ತಪ್ಪದಷ್ಟು ಸಲ ಇದನ್ನು ಅವನಿಂದ ಮಾಡಿಸುತ್ತಾರೆ. ಬಾಗ್ದಾದ್‌ನ ಸೇನಾ ಆಸ್ಪತ್ರೆಯಲ್ಲಿ ನಡೆದ ಒಂದು ಅಧ್ಯಯನದಲ್ಲಿ, ರಕ್ತ ಬಸಿದು ದೇಹ ಆಘಾತಕ್ಕೆ ಜಾರುವ ಮುನ್ನ ಈ ಪಟ್ಟಿ ಬಿದ್ದವರಲ್ಲಿ ನೂರಕ್ಕೆ 90 ಮಂದಿ ಬದುಕಿದರು. ಜಾರಿದ ನಂತರ ಬಿದ್ದವರಲ್ಲಿ ಬದುಕಿದ್ದು ನೂರಕ್ಕೆ 10 ಮಂದಿ. ಆ ಕೆಲವು ನಿಮಿಷಗಳ ವಿದ್ಯೆಯಲ್ಲಿ ಮೆಡಿಕ್‌ಗೆ ಸಾಟಿಯಾಗಬಲ್ಲ ನಾಗರಿಕರು ಕಡಿಮೆ.

ಈಗ ಅದೇ ಮೆಡಿಕ್‌ನನ್ನು ಓಹಾಯೊದ್ದೋ ಟೆಕ್ಸಸ್‌ದ್ದೋ ಒಂದು ಸಾಧಾರಣ ಊರಿನ ಆ್ಯಂಬುಲೆನ್ಸ್‌ನಲ್ಲಿ ಕೂರಿಸಿ. ಕರೆ ಬರುವುದು ಮೂರನೇ ಮಹಡಿಯ ಒಂದು ಮನೆಯಿಂದ. ಎಪ್ಪತ್ತು ದಾಟಿದ ಹೆಂಗಸು. ಮಾತು ತೊದಲುತ್ತಿದೆ, ಬಲಗೈ ಎತ್ತಲಾಗುತ್ತಿಲ್ಲ. ನೋಡಿದವರೆಲ್ಲ ಲಕ್ವ ಎನ್ನುತ್ತಾರೆ. ಆದರೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟವರಲ್ಲೂ, ರಕ್ತದ ಸಕ್ಕರೆ ಕುಸಿದಾಗ, ಹೆಚ್ಚುಕಡಿಮೆ ಇದೇ ಚಿತ್ರ ಕಾಣಬಹುದು. ಬೆರಳ ತುದಿಯ ಒಂದು ಹನಿ ರಕ್ತ ಪರೀಕ್ಷಿಸಿ ಸಕ್ಕರೆ ಕೊಟ್ಟರೆ ಆಕೆ ಎದ್ದು ಕೂತು ಮಾತಾಡಿಯಾಳು. ನಿಜವಾಗಿಯೂ ಲಕ್ವವಾಗಿದ್ದರೆ ಆಕೆ ಕೊನೆಯ ಸಲ ಸರಿಯಾಗಿದ್ದುದು ಎಷ್ಟು ಗಂಟೆಗೆ ಎಂಬ ಒಂದು ಪ್ರಶ್ನೆಯ ಮೇಲೆ ಮುಂದಿನ ಚಿಕಿತ್ಸೆ ನಿಂತಿದೆ, ಏಕೆಂದರೆ ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವಿದೆ. ಅಡುಗೆಮನೆಯ ಕಪಾಟಿನಲ್ಲಿರುವ ಏಳೆಂಟು ಔಷಧಿ ಡಬ್ಬಿಗಳಲ್ಲಿ ರಕ್ತ ತೆಳುಮಾಡುವ ಮಾತ್ರೆ ಇದೆಯೇ ಎಂದು ಹುಡುಕಬೇಕು. ಇನ್ನೊಂದು ಮನೆಯಲ್ಲಿ ಎದೆನೋವಿನ ಗಂಡಸು. ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಕೊಡುವ ಮುನ್ನ, ಕಳೆದ ಒಂದೆರಡು ದಿನದಲ್ಲಿ ವಯಾಗ್ರದಂಥ ಮಾತ್ರೆ ನುಂಗಿದ್ದಾನೆಯೇ ಎಂದು ಹೆಂಡತಿ ಮಕ್ಕಳ ಎದುರಲ್ಲೂ ಕೇಳಲೇಬೇಕು. ಎರಡೂ ಸೇರಿದರೆ ರಕ್ತದೊತ್ತಡ ಪಾತಾಳಕ್ಕಿಳಿಯುತ್ತದೆ. ಹನ್ನೆರಡು ಲೀಡ್‌ನ ಇಸಿಜಿ ತೆಗೆದು, ಹೃದಯದ ಬಲಭಾಗಕ್ಕೆ ಪೆಟ್ಟಾಗಿರುವ ಸೂಚನೆ ಕಂಡರೆ ಅದೇ ಔಷಧವನ್ನು ತಡೆಹಿಡಿಯಬೇಕು. ಮೆಡಿಕ್ ಕಲಿತದ್ದು ಆರೋಗ್ಯವಂತ ಇಪ್ಪತ್ತೆರಡರ ಯುವಕನ ದೇಹವನ್ನು; ಊರಿನ ಆ್ಯಂಬುಲೆನ್ಸ್ ಹೊತ್ತೊಯ್ಯುವುದು ಬಹುಪಾಲು ಮುಪ್ಪನ್ನು, ಹಳೆಯ ಕಾಯಿಲೆಗಳನ್ನು, ಬಸುರಿಯರನ್ನು, ಮಕ್ಕಳನ್ನು, ಮನಸ್ಸು ಕದಡಿದವರನ್ನು. ಆ ಓದು 16 ವಾರದಲ್ಲಿ ಇಲ್ಲ, ಯುದ್ಧಭೂಮಿಯಲ್ಲೂ ಸಿಗುವುದಿಲ್ಲ.

ಇದಕ್ಕೊಂದು ಎದುರುವಾದ ಉಂಟು. ಮನೆಮನೆಯ ಕಾಯಿಲೆಗೆ ಹೊಸ ಓದು ಬೇಕು, ಸರಿ. ಕನಿಷ್ಠ ಗಾಯದ ವಿಷಯದಲ್ಲಾದರೂ ಮೆಡಿಕ್‌ಗೆ ಯಾರೂ ಪಾಠ ಹೇಳಬೇಕಿಲ್ಲವಲ್ಲ? ನಾನೂ ಹಾಗೆಂದೇ ಒಪ್ಪುತ್ತಿದ್ದೆ, 2012ರಲ್ಲಿ ಸೇನಾ ವೈದ್ಯ ರಾಬರ್ಟ್ ಮೇಬ್ರಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇಲ್ಲದಿದ್ದರೆ. ಅಫ್ಗಾನಿಸ್ತಾನದಲ್ಲಿ ಗಾಯಾಳುಗಳನ್ನು ಹೊತ್ತು ತರುತ್ತಿದ್ದ ಸೇನೆಯ ಮಾಮೂಲಿ ಹೆಲಿಕಾಪ್ಟರ್‌ಗಳಲ್ಲಿ ಇಎಂಟಿ ದರ್ಜೆಯ ಮೆಡಿಕ್ ಇರುತ್ತಿದ್ದ. ಅದೇ ಹೊತ್ತಿಗೆ ನ್ಯಾಷನಲ್ ಗಾರ್ಡ್, ಅಂದರೆ ನಾಗರಿಕ ಬದುಕಿನಿಂದ ಕರೆಸಿಕೊಳ್ಳುವ ಮೀಸಲು ಪಡೆಯ ಒಂದು ತುಕಡಿ ಅಲ್ಲಿಗೆ ಬಂತು. ಅದರ ಮೆಡಿಕ್‌ಗಳು ಊರಿನಲ್ಲಿ ವೃತ್ತಿಯಿಂದ ಪ್ಯಾರಾಮೆಡಿಕ್‌ಗಳು, ತೀವ್ರ ನಿಗಾ ಘಟಕದ ಮಟ್ಟದ ತರಬೇತಿ ಪಡೆದವರು. ಹೆಲಿಕಾಪ್ಟರ್ ಅದೇ, ಯುದ್ಧ ಅದೇ, ಗಾಯಗಳೂ ಅದೇ ಬಗೆಯವು. ತೀವ್ರವಾಗಿ ಗಾಯಗೊಂಡ 671 ಮಂದಿಯ ದಾಖಲೆ ಹೋಲಿಸಿದಾಗ, 48 ಗಂಟೆಯೊಳಗೆ ಸತ್ತವರ ಪ್ರಮಾಣ ಮಾಮೂಲಿ ಹೆಲಿಕಾಪ್ಟರ್‌ಗಳಲ್ಲಿ ನೂರಕ್ಕೆ 15, ಪ್ಯಾರಾಮೆಡಿಕ್‌ಗಳಿದ್ದ ಹೆಲಿಕಾಪ್ಟರ್‌ಗಳಲ್ಲಿ ನೂರಕ್ಕೆ 8. ಚೀಟಿ ಎತ್ತಿ ಗಾಯಾಳುಗಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ ಇದಲ್ಲ. ಹಳೆಯ ದಾಖಲೆಗಳ ಹೋಲಿಕೆ, ಹೀಗಾಗಿ ತುಕಡಿಯ ಶಿಸ್ತು, ಅನುಭವ, ಪದ್ಧತಿಗಳ ಪಾಲನ್ನು ಓದಿನ ಪಾಲಿನಿಂದ ಬೇರ್ಪಡಿಸುವುದು ಕಷ್ಟ. ಆದರೂ ಅಂತರ ಎಷ್ಟು ದೊಡ್ಡದೆಂದರೆ ಸೇನೆ ಸುಮ್ಮನೆ ಕೂರಲಿಲ್ಲ. ಹೆಲಿಕಾಪ್ಟರ್‌ನ ಮೆಡಿಕ್‌ಗಳೆಲ್ಲ ಪ್ಯಾರಾಮೆಡಿಕ್ ಪ್ರಮಾಣಪತ್ರ ಪಡೆಯಬೇಕು ಎಂದು ನಿಯಮವನ್ನೇ ಬದಲಿಸಿತು. ಈ ಇಡೀ ಚರ್ಚೆಯಲ್ಲಿ ನನಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಕಂಡಿಲ್ಲ. ಯುದ್ಧದ ಗಾಯ ಎಂಬ ಮೆಡಿಕ್‌ನ ಸ್ವಂತ ಅಂಗಳದಲ್ಲೇ ನಾಗರಿಕ ಪ್ಯಾರಾಮೆಡಿಕ್‌ನ ಓದು ಜೀವ ಉಳಿಸಿತು. ಉಸಿರಾಟದ ಯಂತ್ರ ನಿಭಾಯಿಸುವುದು, ಔಷಧದ ಪ್ರಮಾಣ ತೂಗಿ ನೋಡುವುದು, ಕುಸಿಯುತ್ತಿರುವ ದೇಹದ ಮುಂದಿನ ಹೆಜ್ಜೆ ಊಹಿಸುವುದು ಗುಂಡೇಟಿನ ರೋಗಿಗೂ ಬೇಕು.

ಅನುಭವವೇ ಸಾಕು ಎನ್ನುವವರು ಇನ್ನೊಂದು ಮಾತು ಮರೆಯುತ್ತಾರೆ. ಯಾರ ಅನುಭವ? 2007ರಲ್ಲಿ ಇರಾಕ್‌ನಲ್ಲಿದ್ದ ಮೆಡಿಕ್ ಕಂಡದ್ದನ್ನು, ಅಫ್ಗಾನಿಸ್ತಾನದಿಂದ 2021ರಲ್ಲಿ ಸೇನೆ ಹಿಂದಿರುಗಿದ ನಂತರ ಸೇರಿದ ಮೆಡಿಕ್ ಕಂಡಿರುವುದಿಲ್ಲ. ಶಾಂತಿಕಾಲದ ಶಿಬಿರದಲ್ಲಿ ಅವನ ದಿನ ಕಳೆಯುವುದು ಬೆಳಗಿನ ಹೊತ್ತು ನೆಗಡಿ, ಕಾಲುಳುಕು ನೋಡುವುದರಲ್ಲಿ, ಲಸಿಕೆ ಪಟ್ಟಿ ತುಂಬುವುದರಲ್ಲಿ, ಔಷಧಿ ಪೆಟ್ಟಿಗೆ ಎಣಿಸುವುದರಲ್ಲಿ. ಕೈ ಮರೆಯಬಾರದೆಂದು ಸೇನೆಯೇ ತನ್ನ ಮೆಡಿಕ್‌ಗಳನ್ನು ನಾಗರಿಕ ನಗರಗಳ ಟ್ರಾಮಾ ಆಸ್ಪತ್ರೆಗಳಿಗೆ ಕೆಲವು ವಾರ ಕಳುಹಿಸುವ ಏರ್ಪಾಡು ಮಾಡಿಕೊಂಡಿದೆ. ಒಂದೇ ಹೆಸರಿನ ಹುದ್ದೆಯಲ್ಲಿದ್ದು ಬಂದ ಇಬ್ಬರಲ್ಲಿ ಒಬ್ಬ ನೂರಾರು ಗಾಯಾಳುಗಳನ್ನು ಮುಟ್ಟಿರಬಹುದು, ಇನ್ನೊಬ್ಬ ಒಬ್ಬರನ್ನೂ ಮುಟ್ಟಿರದಿರಬಹುದು. ಮನೆಬಾಗಿಲಿಗೆ ಬಂದ ಆ್ಯಂಬುಲೆನ್ಸ್‌ನಿಂದ ಇಳಿದವನು ಇವರಲ್ಲಿ ಯಾರೆಂದು ರೋಗಿ ಕೇಳಿ ತಿಳಿಯಲಾರ. ಪ್ರಮಾಣಪತ್ರ ಇರುವುದು ಮುಖ್ಯವಾಗಿ ಆ ರೋಗಿಗಾಗಿ. ವ್ಯಕ್ತಿ ಶೂರನೇ, ತ್ಯಾಗಿಯೇ ಎಂದು ಅದು ಅಳೆಯುವುದಿಲ್ಲ. ಇಷ್ಟನ್ನಾದರೂ ಬಲ್ಲ ಎಂದು ಖಾತರಿ ಕೊಡುತ್ತದೆ, ಅಷ್ಟೆ. ಸೇವೆಗೆ ಕೃತಜ್ಞತೆ ತೋರಿಸಲು ಪಿಂಚಣಿ ಇದೆ, ಓದಿನ ಭತ್ಯೆ ಇದೆ, ಸನ್ಮಾನ ಇದೆ. ರೋಗಿಯ ಸುರಕ್ಷತೆಯನ್ನು ಸಡಿಲಿಸಿ ಅದನ್ನು ತೋರಿಸಬಾರದು.

ಹೆಚ್ಚು ಗಂಭೀರವಾದ ಆಕ್ಷೇಪ ಸಂಬಳದ್ದು. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಮೇ ತಿಂಗಳ ಲೆಕ್ಕದಲ್ಲಿ ಪ್ಯಾರಾಮೆಡಿಕ್‌ನ ಮಧ್ಯಮ ವಾರ್ಷಿಕ ಸಂಬಳ 53,180 ಡಾಲರ್. ಇಎಂಟಿಗೆ 38,930. ಅದೇ ಪಟ್ಟಿಯಲ್ಲಿ ನೋಂದಾಯಿತ ನರ್ಸ್‌ಗೆ 86,070 ಡಾಲರ್. ವೈದ್ಯರ ಕೈಕೆಳಗೆ ರೋಗ ಪತ್ತೆ ಮಾಡಿ ಔಷಧ ಬರೆಯಬಲ್ಲ ಫಿಸಿಷಿಯನ್ ಅಸಿಸ್ಟೆಂಟ್‌ಗೆ ಒಂದು ಲಕ್ಷ ಮೂವತ್ತು ಸಾವಿರ. 9/11ರ ನಂತರದ ಜಿಐ ಬಿಲ್ ಮಾಜಿ ಸೈನಿಕನ ಓದಿಗೆ 36 ತಿಂಗಳ ವೆಚ್ಚ ಭರಿಸುತ್ತದೆ. ಆ ತಿಂಗಳುಗಳು ಖರ್ಚಾದರೆ ಮರಳಿ ಬಾರವು. ಹಾಗಿರುವಾಗ ಅವುಗಳಲ್ಲಿ ಹನ್ನೆರಡನ್ನೋ ಹದಿನೆಂಟನ್ನೋ ಕಡಿಮೆ ಸಂಬಳದ, ಬೆನ್ನು ಮುರಿಯುವ, ರಾತ್ರಿಪಾಳಿಯ ಕೆಲಸಕ್ಕೆ ಸುರಿಯುವುದು ಜಾಣತನವೇ, ನೇರವಾಗಿ ನರ್ಸಿಂಗ್ ಸೇರಬಾರದೇ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಆಸ್ಪತ್ರೆಯ ವಾರ್ಡಿನ ಕೆಲಸವೇ ಇಷ್ಟ ಎಂದು ಈಗಾಗಲೇ ತೀರ್ಮಾನಿಸಿದವನು ನರ್ಸಿಂಗ್‌ಗೇ ಹೋಗಲಿ. ಆದರೆ ಇಪ್ಪತ್ಮೂರು ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಹೊರಬರುವ ಬಹಳಷ್ಟು ಮಂದಿಗೆ ಆ ತೀರ್ಮಾನ ಇನ್ನೂ ಆಗಿರುವುದಿಲ್ಲ. ಮನೆ ಬಾಡಿಗೆ ಮಾತ್ರ ಮೊದಲ ತಿಂಗಳಿನಿಂದಲೇ ಶುರು. ನರ್ಸಿಂಗ್ ಪದವಿ ಮುಗಿಯಲು ಮೂರು ನಾಲ್ಕು ವರ್ಷ. ಪ್ಯಾರಾಮೆಡಿಕ್ ಆಗಿ ಒಂದೂವರೆ ವರ್ಷದಲ್ಲಿ ದುಡಿಮೆಗೆ ಇಳಿದವನು ಅಲ್ಲಿಂದ ಮುಂದೆ ಸಂಬಳದ ಜೊತೆಗೇ ಓದಬಹುದು. ಆಸ್ಪತ್ರೆಯ ತುರ್ತು ಘಟಕ, ಅಗ್ನಿಶಾಮಕ ದಳ, ಹೆಲಿಕಾಪ್ಟರ್ ಆ್ಯಂಬುಲೆನ್ಸ್, ದೂರದ ತೈಲಬಾವಿಗಳು ಅವನನ್ನು ಕರೆಯುತ್ತವೆ. ಇನ್ನು ಫಿಸಿಷಿಯನ್ ಅಸಿಸ್ಟೆಂಟ್ ವೃತ್ತಿಯಂತೂ ಹುಟ್ಟಿದ್ದೇ ಮಾಜಿ ಮೆಡಿಕ್‌ಗಳಿಂದ. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಆರಂಭಿಸಿದ ಮೊದಲ ತರಗತಿಗೆ ಸೇರಿದ ನಾಲ್ವರೂ ನೌಕಾಪಡೆಯ ಮಾಜಿ ಕೋರ್‌ಮನ್‌ಗಳು. 1967ರ ಅಕ್ಟೋಬರ್‌ನಲ್ಲಿ ಅವರಲ್ಲಿ ಮೂವರು ಉತ್ತೀರ್ಣರಾಗಿ ಹೊರಬಂದರು. ಇಂದೂ ಆ ಓದಿಗೆ ಸೇರಬೇಕೆಂದರೆ ರೋಗಿಗಳ ನಡುವೆ ಕಳೆದ ಗಂಟೆಗಳ ಲೆಕ್ಕ ಕೇಳುವ ಕಾಲೇಜುಗಳು ಹಲವು, ಮತ್ತು ಪ್ಯಾರಾಮೆಡಿಕ್ ಆಗಿ ಕಳೆದ ಗಂಟೆಗಳಿಗೆ ಅಲ್ಲಿ ಬೆಲೆ ಇದೆ.

ಮನಸ್ಸಿನ ಹೊರೆಯ ಮಾತನ್ನೂ ತಪ್ಪಿಸುವಂತಿಲ್ಲ. ಸಾವನ್ನು ಹತ್ತಿರದಿಂದ ಕಂಡು ಬಂದವನನ್ನು ಮತ್ತೆ ರಸ್ತೆ ಅಪಘಾತಗಳ ನಡುವೆ ನಿಲ್ಲಿಸುವುದು ಸರಿಯೇ? ಕೆಲವರಿಗೆ ಖಂಡಿತ ಸರಿಯಲ್ಲ. ಆ ಕೆಲಸ ಒಲ್ಲೆ ಎನ್ನುವ ಮೆಡಿಕ್ ಅದಕ್ಕೆ ಯಾರಿಗೂ ಕಾರಣ ಹೇಳಬೇಕಿಲ್ಲ. ಆದರೆ ಇದನ್ನೇ ಎಲ್ಲರಿಗೂ ನಿಯಮ ಮಾಡಿ, ಮಾಜಿ ಸೈನಿಕರೆಲ್ಲ ಬಿರುಕುಬಿಟ್ಟ ಪಾತ್ರೆಗಳೆಂಬಂತೆ ನಡೆಸಿಕೊಳ್ಳುವುದು ಇನ್ನೊಂದು ಬಗೆಯ ಅನ್ಯಾಯ. ತನಗೆ ಗೊತ್ತಿರುವ ಕೆಲಸವನ್ನು, ಗೊತ್ತಿರುವ ಜೊತೆಗಾರರ ನಡುವೆ, ಉಪಯುಕ್ತವಾಗಿ ಮಾಡುತ್ತಿರುವುದರಲ್ಲೇ ನೆಮ್ಮದಿ ಕಾಣುವವರೂ ಇದ್ದಾರೆ. ಅಲ್ಲದೆ ಒಂದು ವರ್ಷದ ಓದು, ಕೆಲಸಕ್ಕೆ ಪೂರ್ತಿ ಇಳಿಯುವ ಮುನ್ನ ಹಿರಿಯರೊಬ್ಬರ ಜೊತೆ ನಿಂತು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಸಮಯ ಕೊಡುತ್ತದೆ. ಸೇನೆ ಬಿಟ್ಟ ವಾರವೇ ಯಾವ ಓದೂ ಇಲ್ಲದೆ ಆ್ಯಂಬುಲೆನ್ಸ್‌ಗೆ ತಳ್ಳಿದರೆ ಆ ಅವಕಾಶವೇ ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ ಮೆಡಿಕ್‌ಗಳ ದೂರಿನಲ್ಲಿರುವ ಸತ್ಯವನ್ನು ಒಪ್ಪಲೇಬೇಕು: ಅವರನ್ನು ಸೊನ್ನೆಯಿಂದ ಶುರುಮಾಡಿಸುವುದು ತಪ್ಪು. 2012ರ ಅಕ್ಟೋಬರ್‌ನಲ್ಲಿ ಅಧ್ಯಕ್ಷೀಯ ಚುನಾವಣೆಯ ಚರ್ಚೆಯಲ್ಲಿ ಬರಾಕ್ ಒಬಾಮಾ ಈ ಸಂಗತಿಯನ್ನೇ ಎತ್ತಿದ್ದರು. ಯುದ್ಧದಲ್ಲಿ ಮೆಡಿಕ್ ಆಗಿದ್ದ ಮಿನ್ನೆಸೋಟದ ಮಾಜಿ ಸೈನಿಕನೊಬ್ಬ ನರ್ಸ್ ಆಗಲು ಹೊರಟಾಗ ಎಲ್ಲವನ್ನೂ ಮೊದಲಿನಿಂದ ಓದಬೇಕಾಯಿತು ಎಂದು ಅವರು ಹೇಳಿದ್ದರು. ಮರುವರ್ಷ ಫೆಬ್ರುವರಿಯಲ್ಲಿ ಅಮೆರಿಕದ ಪ್ರತಿನಿಧಿ ಸಭೆ, ಮಾಜಿ ಮೆಡಿಕ್‌ಗಳ ಹಾದಿ ಹಗುರ ಮಾಡುವ ರಾಜ್ಯಗಳಿಗೆ ನೆರವು ನೀಡುವ ಮಸೂದೆಯೊಂದನ್ನು ಅಂಗೀಕರಿಸಿತು. ಪಕ್ಷಭೇದವಿಲ್ಲದೆ ಎಲ್ಲರೂ ಒಪ್ಪುವ ವಿಷಯ ಇದು. ತೊಡಕಿರುವುದು ಪರವಾನಗಿ ಕೊಡುವ ಅಧಿಕಾರ ಐವತ್ತು ರಾಜ್ಯಗಳ ಕೈಯಲ್ಲಿ ಹಂಚಿಹೋಗಿರುವುದರಲ್ಲಿ. ಒಂದು ರಾಜ್ಯ ಒಪ್ಪಿದ ಗಂಟೆಗಳನ್ನು ಪಕ್ಕದ ರಾಜ್ಯ ಒಪ್ಪದಿರಬಹುದು. 2020ರಿಂದ ಜಾರಿಯಲ್ಲಿರುವ ಅಂತರರಾಜ್ಯ ಒಪ್ಪಂದ ಇದಕ್ಕೆ ಸ್ವಲ್ಪ ಮದ್ದು ಅರೆದಿದೆ. ರಾಷ್ಟ್ರೀಯ ನೋಂದಣಿಯ ಕಾರ್ಡು ಜೀವಂತವಾಗಿರುವ ಮಾಜಿ ಸೈನಿಕ ಕನಿಷ್ಠ ತರಬೇತಿ ಪೂರೈಸಿದ್ದಾನೆಂದು ಒಪ್ಪಂದಕ್ಕೆ ಸೇರಿದ ರಾಜ್ಯಗಳು ಪರಿಗಣಿಸಬೇಕು. ಕಾರ್ಡು ಜೀವಂತವಾಗಿರಬೇಕು ಎಂಬ ಮಾತನ್ನು ಮಾತ್ರ ಮರೆಯಬಾರದು. ಎರಡು ವರ್ಷಕ್ಕೊಮ್ಮೆ ಪುನರ್ನವೀಕರಣ ಆಗದಿದ್ದರೆ ಅದು ಸಾಯುತ್ತದೆ. ಸೇನೆ ಬಿಟ್ಟು, ಒಂದೆರಡು ವರ್ಷ ಬೇರೇನೋ ಮಾಡಿ, ಮತ್ತೆ ಈ ಕಡೆ ತಿರುಗಿದವರ ಕಷ್ಟಕ್ಕೆ ಅನೇಕ ಸಲ ಕಾರಣ ಇಷ್ಟೇ.

ಹಾಗಾಗಿ ನನ್ನ ಸಲಹೆ ಎರಡು ಕಡೆಗೆ. ಮೆಡಿಕ್‌ಗೆ: ಪ್ಯಾರಾಮೆಡಿಕ್ ಓದನ್ನು ಸಾಧ್ಯವಾದರೆ ಸಮವಸ್ತ್ರದಲ್ಲಿರುವಾಗಲೇ, ಸೇನೆ ಪ್ರಮಾಣಪತ್ರಗಳಿಗೆ ಕೊಡುವ ನೆರವಿನಿಂದ ಶುರುಮಾಡು, ಜಿಐ ಬಿಲ್‌ನ ತಿಂಗಳುಗಳನ್ನು ಮುಂದಿನ ಪದವಿಗೆ ಉಳಿಸಿಕೋ, ಇಎಂಟಿ ಕಾರ್ಡನ್ನು ಒಂದು ದಿನವೂ ಸಾಯಲು ಬಿಡಬೇಡ. ಓದಿಸುವ ಸಂಸ್ಥೆಗೆ: ಬಂದವನನ್ನು ಮೊದಲು ಪರೀಕ್ಷಿಸಿ. ಗಾಯದ ಆರೈಕೆ, ಡ್ರಿಪ್, ಉಸಿರುದಾರಿಯ ಅಧ್ಯಾಯಗಳನ್ನು ಅವನು ಮಾಡಿ ತೋರಿಸಿದರೆ ಅವುಗಳಿಂದ ಬಿಡುಗಡೆ ಕೊಡಿ. ಆ ಗಂಟೆಗಳನ್ನು ಹೃದಯ, ಹೆರಿಗೆ, ಮಕ್ಕಳು, ಮುಪ್ಪು, ಮಾನಸಿಕ ತುರ್ತಿನ ಮೇಲೆ ಸುರಿಯಿರಿ. ಹೀಗೆ ಮಾಡಿದರೆ ಓದಿನ ಅವಧಿ ತಗ್ಗುತ್ತದೆ, ಮಟ್ಟ ತಗ್ಗುವುದಿಲ್ಲ.

ಮೆಡಿಕ್‌ಗಳು ಪ್ರಮಾಣಪತ್ರ ಪಡೆದು ಒಳಗೆ ಬರುವುದರಿಂದ ಲಾಭ ಅವರೊಬ್ಬರಿಗೇ ಅಲ್ಲ. 1966ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಹೊರತಂದ ವರದಿ, ಗಾಯಗೊಂಡವನಿಗೆ ಊರಿನ ಬೀದಿಗಿಂತ ಯುದ್ಧಭೂಮಿಯಲ್ಲೇ ಬದುಕುವ ಅವಕಾಶ ಹೆಚ್ಚು ಎಂಬ ಕಹಿಸತ್ಯವನ್ನು ಮುಂದಿಟ್ಟಿತ್ತು. ಆಗ ಅಲ್ಲಿನ ಆ್ಯಂಬುಲೆನ್ಸ್ ಸೇವೆಯಲ್ಲಿ ಸುಮಾರು ಅರ್ಧದಷ್ಟನ್ನು ನಡೆಸುತ್ತಿದ್ದವರು ಶವಸಂಸ್ಕಾರದ ವ್ಯಾಪಾರಿಗಳು. ಮನುಷ್ಯನನ್ನು ಮಲಗಿಸಿ ಒಯ್ಯಬಲ್ಲ ವಾಹನ ಇದ್ದದ್ದು ಅವರ ಬಳಿ. ಇಂದಿನ ಪ್ಯಾರಾಮೆಡಿಕ್ ವೃತ್ತಿ ಬೆಳೆದದ್ದು ಆ ವರದಿಯ ಬೆನ್ನಿಗೆ, ಕೊರಿಯಾ, ವಿಯೆಟ್ನಾಂ ಯುದ್ಧಗಳ ಪಾಠದೊಂದಿಗೆ. ನಾಗರಿಕ ವೈದ್ಯರು ಬಹುಕಾಲ ಹೆದರಿ ದೂರವಿಟ್ಟಿದ್ದ ಟೂರ್ನಿಕೆಯನ್ನು ಮತ್ತೆ ಆ್ಯಂಬುಲೆನ್ಸ್‌ಗೆ ತಂದದ್ದು ಇರಾಕ್, ಅಫ್ಗಾನಿಸ್ತಾನಗಳ ಅನುಭವ. ಅದನ್ನು ಜನಸಾಮಾನ್ಯರಿಗೂ ಕಲಿಸುವ ‘ಸ್ಟಾಪ್ ದಿ ಬ್ಲೀಡ್’ ಅಭಿಯಾನ 2015ರಲ್ಲಿ ಶುರುವಾಯಿತು. 2018ರಲ್ಲಿ ಸ್ಯಾನ್ ಆಂಟೋನಿಯೊ ಸುತ್ತಲಿನ ತುರ್ತು ಸೇವೆಗಳು ಗಾಯಾಳುವಿಗೆ ದಾರಿಯಲ್ಲೇ ಪೂರ್ಣರಕ್ತ ಏರಿಸಲು ಆರಂಭಿಸಿದವು. ಅದೂ ಸೇನೆಯಿಂದ ಬಂದ ಪಾಠ. ಇಂಥ ಪಾಠಗಳನ್ನು ಹೊತ್ತು ತರುವವನು ನಾಗರಿಕ ವ್ಯವಸ್ಥೆಯ ಒಳಗೆ, ಮಾತಿಗೆ ತೂಕವಿರುವ ದರ್ಜೆಯಲ್ಲಿ ಇರಬೇಕು. ಡ್ರಿಪ್ ಹಚ್ಚುವ ಅಧಿಕಾರವೂ ಇಲ್ಲದವನು ರಕ್ತ ಏರಿಸುವ ಬಗ್ಗೆ ಸಲಹೆ ಕೊಟ್ಟರೆ ಯಾರೂ ಕಿವಿಗೊಡುವುದಿಲ್ಲ.

ನಮ್ಮಲ್ಲಿ ಈ ಪ್ರಶ್ನೆಯ ಆಕಾರ ಸ್ವಲ್ಪ ಬೇರೆ, ಆದರೆ ಪ್ರಶ್ನೆ ಇದೆ. 1943ರಲ್ಲಿ ಸ್ಥಾಪನೆಯಾದ ಭಾರತದ ಸೇನಾ ವೈದ್ಯಕೀಯ ದಳಕ್ಕೆ ಪಿಯುಸಿಯಲ್ಲಿ ಜೀವಶಾಸ್ತ್ರ ಸಹಿತ ವಿಜ್ಞಾನ ಓದಿದ ಹುಡುಗರು ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರುತ್ತಾರೆ, ಲಖನೌದ ಕೇಂದ್ರದಲ್ಲಿ ತಯಾರಾಗುತ್ತಾರೆ. ಅವರಲ್ಲಿ ಕರ್ನಾಟಕದ ಹಳ್ಳಿಗಳವರೂ ಇದ್ದಾರೆ. ಸಿಪಾಯಿಯ ಪಿಂಚಣಿಗೆ 15 ವರ್ಷದ ಸೇವೆ ಸಾಕಾಗುವುದರಿಂದ ನಲವತ್ತರ ಆಚೀಚೆಗೇ ಊರಿಗೆ ಮರಳುವವರು ಬಹಳ. ದುಡಿಯುವ ವಯಸ್ಸು ಇನ್ನೂ ಇಪ್ಪತ್ತು ವರ್ಷ ಬಾಕಿ. ಕರ್ನಾಟಕದಲ್ಲಿ 2008ರ ನವೆಂಬರ್ 1ರಿಂದ 108 ಆ್ಯಂಬುಲೆನ್ಸ್ ಓಡುತ್ತಿದೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಂಯೋಜಿತ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಪ್ಯಾರಾಮೆಡಿಕ್ ಮತ್ತು ತುರ್ತು ವೈದ್ಯಕೀಯ ತಂತ್ರಜ್ಞರನ್ನು ಹೆಸರಿಸಿ ವೃತ್ತಿಯ ಪಟ್ಟಿಗೆ ಸೇರಿಸಿದೆ, ರಾಜ್ಯ ಪರಿಷತ್ತುಗಳ ಮೂಲಕ ನೋಂದಣಿಗೆ ದಾರಿ ಮಾಡಿದೆ. ಮಾಜಿ ಸೈನಿಕನ ಸೇನಾ ತರಬೇತಿಯನ್ನು ಈ ನೋಂದಣಿಯಲ್ಲಿ ಹೇಗೆ ಎಣಿಸಬೇಕು ಎಂಬುದನ್ನು ವ್ಯವಸ್ಥೆ ಗಟ್ಟಿಯಾಗುವ ಮುನ್ನವೇ ತೀರ್ಮಾನಿಸಿಕೊಳ್ಳುವ ಅನುಕೂಲ ನಮಗಿದೆ. ಐವತ್ತು ರಾಜ್ಯಗಳ ಹಳೆಯ ಗಂಟು ಬಿಚ್ಚುವ ಕಷ್ಟ ನಮಗಿಲ್ಲ.

ಇಲ್ಲಿಯೂ ಅನುಭವ ಒಂದೇ ಸಮ ಇರುವುದಿಲ್ಲ. ಸೇನಾ ಆಸ್ಪತ್ರೆಗಳಲ್ಲಿ ಕುಟುಂಬದವರ ಹೆರಿಗೆ, ಮುದುಕರ ಸಕ್ಕರೆ ಕಾಯಿಲೆ ಎಲ್ಲವನ್ನೂ ಕಂಡವರಿದ್ದಾರೆ. ಹಿಮದ ಗಡಿಠಾಣೆಗಳಲ್ಲೇ ಹೆಚ್ಚು ವರ್ಷ ಕಳೆದವರೂ ಇದ್ದಾರೆ. ಕರ್ನಾಟಕದ ಹಳ್ಳಿಯ ಕರೆಗಳಿಗೆ ತಮ್ಮದೇ ಪಾಠಗಳಿವೆ. ಕ್ರಿಮಿನಾಶಕ ಕುಡಿದವನ ಬಾಯಲ್ಲಿ ನೊರೆ ಬಂದಾಗ ಅಟ್ರೋಪಿನ್ ಯಾವಾಗ, ಎಷ್ಟು. ನಡುದಾರಿಯಲ್ಲಿ ಹೆರಿಗೆಯಾದರೆ ತಾಯಿಯ ರಕ್ತಸ್ರಾವವನ್ನು ಹೇಗೆ ತಡೆಯಬೇಕು. ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ ಹಾವು ಕಡಿತಕ್ಕೆ ಏನು ಮಾಡಬೇಕು, ಏನು ಮಾಡಬಾರದು. ಹಾವು ಕಡಿದ ಕಾಲಿಗೆ ಬಿಗಿಯಾಗಿ ಕಟ್ಟು ಹಾಕಲೇಬಾರದು ಎನ್ನುತ್ತದೆ ನಮ್ಮ ಚಿಕಿತ್ಸಾ ನಿಯಮ. ಹಾಕಿದರೆ ಕಾಲು ಕೊಳೆಯುವ, ಬಿಚ್ಚಿದಾಗ ವಿಷ ಒಮ್ಮೆಲೇ ನುಗ್ಗುವ ಅಪಾಯವಿದೆ. ಯುದ್ಧಭೂಮಿಗಾಗಿ ಪಳಗಿದ ಕೈ ತಾನಾಗಿ ಮಾಡಲು ಹೋಗುವ ಮೊದಲ ಕೆಲಸವೇ ಇಲ್ಲಿ ರೋಗಿಗೆ ಕೇಡಾಗಬಲ್ಲದು. ರಾಜ್ಯ ಪರಿಷತ್ತು ಸೇನೆಯಿಂದ ಬಂದವರಿಗೆ ಕೆಲವು ತಿಂಗಳ ಸೇತು ತರಬೇತಿ ರೂಪಿಸುವುದಾದರೆ ಈ ಮೂರರಿಂದ ಆರಂಭಿಸಲಿ, ಅದನ್ನು ಸೇವೆಯ ಕೊನೆಯ ವರ್ಷದಲ್ಲೇ, ಸಂಬಳ ಬರುತ್ತಿರುವಾಗಲೇ ಮುಗಿಸಲು ಸೇನೆಯ ಪುನರ್ವಸತಿ ನಿರ್ದೇಶನಾಲಯದೊಂದಿಗೆ ಏರ್ಪಾಡು ಮಾಡಿಕೊಳ್ಳಲಿ. ಉತ್ತೀರ್ಣರಾದವರ ಹೆಸರು ಅವರು ಊರಿನ ಬಸ್ಸು ಹತ್ತುವ ಮುನ್ನವೇ ನೋಂದಣಿ ಪುಸ್ತಕದಲ್ಲಿರಬೇಕು.